ಶಾಲೆಯಿಂದ ನಮ್ಮ ಮನೆಗೆ

ವಾರಿಜಾ ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಳು. ಮಕ್ಕಳ ಪ್ರಾಜೆಕ್ಟುಗಳನ್ನು ಆ ದಿನವೇ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕದಿದ್ದರೆ ಅವಳಿಗೆ ಉಂಡನ್ನ ಮೈಗೆ ಹತ್ತುತ್ತಿರಲಿಲ್ಲ. ಅಂದು ಮೊದಲು ಹಾಕಿದ್ದು ಹೊಸ ಹುಡುಗಿ ಶಾಂಭವಿ ಬರೆದ, ಶಾಲೆಯಿಂದ ಮನೆಗೆ ಹೋಗುವ ದಾರಿಯ ನಕ್ಷೆ. ಹಿಟ್ಟಿನ ಗಿರಣಿ, ಹಾಲಿನ ಬೂತು, ನೀಲಿ ಗೇಟು, ಒಂದನ್ನೂ ಹುಡುಗಿ ಬಿಟ್ಟಿರಲಿಲ್ಲ.

ಊಟದ ಬಿಡುವಿನಲ್ಲಿ ಶಾಂಭವಿಯ ಅಮ್ಮನ ಫೋನು ಬಂತು.

“ಮಿಸ್, ಆ ನಕ್ಷೆ ತೆಗೆದುಬಿಡಿ. ಇವಳಪ್ಪನ ಕಣ್ಣು ತಪ್ಪಿಸಿ ಈ ಊರಿಗೆ ಬಂದಿದೀವಿ. ಸಿಕ್ಕಿದ್ರೆ ನನ್ನ ಉಳಿಸಲ್ಲ.”

“ಹೆದರ್ಬೇಡಿ ಅಕ್ಕ, ಗ್ರೂಪಲ್ಲಿ ಪೋಷಕರು ಮಾತ್ರ ಇರೋದು.”

“ಅದಕ್ಕೇ ಫಾರಮ್ಮಲ್ಲಿ ಅವನ ನಂಬರ್ ಬರೀಲಿಲ್ಲ. ಮನೇಲಿ ಒಬ್ಬಳೇ ಇದೀನಿ ನೋಡಿ, ಏನೋ ಭಯ.”

ತಂದೆಯ ಕಾಲಂ ಖಾಲಿ ಇದ್ದದ್ದು ಕಂಡು, ಹಳೆಯ ಶಾಲೆಗೆ ಫೋನ್ ಮಾಡಿ ಆತನ ನಂಬರು ಪಡೆದು ಗ್ರೂಪಿಗೆ ಸೇರಿಸಿದ್ದವಳು ವಾರಿಜಾಳೇ.

“ಅಕ್ಕಾ, ಮೊದಲು ಚಿಲಕ ಹಾಕ್ಕೊಳ್ಳಿ” ಎನ್ನುವಷ್ಟರಲ್ಲಿ ಅತ್ತ ಫೋನು ಕಟ್ಟಾಯಿತು. ಹಿಂದೆಯೇ, ತಾನು ಗ್ರೂಪಿಗೆ ಸೇರಿಸಿದ್ದ ಆ ತಂದೆಯ ನಂಬರಿನಿಂದ ಅವಳಿಗೊಂದು ಸಂದೇಶ ಬಂತು:

“ಉಪಕಾರವಾಯ್ತು ಮಿಸ್. ಯಾರನ್ನೂ ದಾರಿ ಕೇಳ್ಬೇಕಾಗ್ಲಿಲ್ಲ.”