ಕಳಸದ ನೀರು

"ಎಷ್ಟು ಬಂತವ್ವ?"

"ಒಂದು ಬೆರಳಗಲ ಬಂದೈತಪ್ಪ. ಅಲುಗಾಡಬ್ಯಾಡ."

ದನದ ಕೊಟ್ಟಿಗೆಯ ಮೂಲೆಯಲ್ಲಿ ಪೂಜಾರಿ ದೊಡ್ಡಪಾಲಯ್ಯ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ಅವನ ಹಿಮ್ಮಡಿಯ ಮೇಲಿನ ಹುಣ್ಣಿನಿಂದ ದಾರದ ಹಾಗೆ ಇಣುಕಿದ್ದ ನಾರುಹುಳವನ್ನು ಮಗಳು ಬೊಮ್ಮಕ್ಕ ಪೊರಕೆಕಡ್ಡಿಗೆ ಸುತ್ತುತ್ತಿದ್ದಳು. ದಿನಕ್ಕೆ ಇಷ್ಟೇ. ಅವಸರ ಮಾಡಿ ಎಳೆದರೆ ಹುಳ ತುಂಡಾಗುತ್ತದೆ; ತುಂಡಾದರೆ ಕಾಲು ಬಾತು, ಕೀವು ತುಂಬಿ, ಮನುಷ್ಯ ತಿಂಗಳುಗಟ್ಟಲೆ ಮೇಲೇಳುವುದಿಲ್ಲ. ಹನ್ನೊಂದು ದಿನದಿಂದ ನಡೆದಿರುವ ಈ ಕೆಲಸ ಅವರಿಬ್ಬರನ್ನು ಬಿಟ್ಟರೆ ಎತ್ತುಗಳಿಗಷ್ಟೇ ಗೊತ್ತು.

"ಇವತ್ತು ಬಾವಿಗೆ ಇಳೀಬ್ಯಾಡಪ್ಪ."

"ನಾನು ಇಳೀದಿದ್ರೆ ಸಣ್ಣತಿಮ್ಮಪ್ಪ ಇಳೀತಾನೆ. ದಾಯಾದಿ ಅವನು, ಪೂಜೆ ಯಾವಾಗ ಕೈಗೆ ಬಿದ್ದೀತು ಅಂತ ಇಪ್ಪತ್ತು ವರ್ಸದಿಂದ ಬಾಯಿ ಬಿಟ್ಕಂಡು ಕುಂತಾನೆ. ಅವನ ಕೈಗೆ ಒಂದು ಸಲ ಹೋದ ಕಳಸ ತಿರುಗಿ ಬರ್ತೈತಾ? ಬಟ್ಟೆ ಬಿಗಿಯಾಗಿ ಕಟ್ಟು."

ಬೊಮ್ಮಕ್ಕ ಕಟ್ಟಿದಳು. ಗಂಟು ಎರಡು ಸಲ ಜಾರಿತು.

ಎರಡು ತಿಂಗಳ ಹಿಂದೆ ಚಳ್ಳಕೆರೆ ಆಸ್ಪತ್ರೆಯ ಡಾಕ್ಟರು ಕುದುರೆಯ ಮೇಲೆ ಹಟ್ಟಿಗೆ ಬಂದು ಹೇಳಿದ್ದರು: ನಾರುಹುಣ್ಣಿನ ಕಾಲನ್ನು ನೀರಿಗಿಟ್ಟರೆ ಹುಳ ಅಲ್ಲೇ ಮರಿ ಬಿಡುತ್ತದೆ, ಆ ನೀರು ಕುಡಿದವರ ಮೈಯೊಳಗೆ ಅದು ಬೆಳೆದು ಬರುವ ಬೇಸಿಗೆಗೆ ಹೊರಗೆ ಬರುತ್ತದೆ. ಹಟ್ಟಿಗೆಲ್ಲ ಇದ್ದದ್ದು ಒಂದೇ ಬಾವಿ, ಮೆಟ್ಟಿಲಿಳಿದು ನೀರು ತುಂಬಿಕೊಳ್ಳುವಂಥದ್ದು. ಆದರೂ ಡಾಕ್ಟರ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಅವರು ಮೊಳಕಾಲ್ಮುರಿನ ನೇಕಾರರನ್ನು ಕಾಡಿ ಬೇಡಿ, ನೀರು ಸೋಸಲು ಮನೆಗೊಂದು ತುಂಡು ಬಟ್ಟೆ ತಂದು ಹಂಚಿದರು. ಅರ್ಧ ಊರು ಅದರಲ್ಲಿ ಕೂಸಿಗೆ ಕುಲಾವಿ ಹೊಲಿಯಿತು. ಹುಣ್ಣಿದ್ದವರು ಬಾವಿಗೆ ಇಳಿಯಕೂಡದೆಂದು ಗೌಡ ಚಿಕ್ಕೀರಪ್ಪನವರು ಡಂಗುರ ಹೊಡೆಸಿದರು; ಹುಣ್ಣಿನವರು ಊರು ಏಳುವ ಮುಂಚೆ ಇಳಿದು ಬಂದರು. ಕೊನೆಗೆ ಡಾಕ್ಟರೂ ಗೌಡರೂ ಕೂಡಿ ಪೂಜಾರಿಯ ಬಾಗಿಲಿಗೆ ಬಂದರು. ದೊಡ್ಡಪಾಲಯ್ಯ ಗುಡಿಯ ಮುಂದೆ ನಿಂತು, "ನಾರುಹುಣ್ಣಿರೋ ಕಾಲು ಬಾವಿಗಿಟ್ರೆ ಮಾರಮ್ಮನ ಆಣೆ" ಎಂದು ಕೂಗಿ ಹೇಳಿದ. ಆಣೆಗೆ ಹೆದರಿ ಹಟ್ಟಿಯ ದುರುಗಕ್ಕ ಒಬ್ಬಳೇ ತನಗೆ ಹುಣ್ಣಿದೆ ಎಂದು ಒಪ್ಪಿಕೊಂಡಳು. ಊರಲ್ಲಿ ಬೇರೆ ಯಾರಿಗೂ ಇಲ್ಲ ಎಂದು ಗೌಡರು ಡಾಕ್ಟರಿಗೆ ಹೇಳಿ ಕಳಿಸಿದರು. ಅದಾಗಿ ಹದಿನೈದು ದಿನಕ್ಕೆ ಪೂಜಾರಿಯ ಕಾಲಲ್ಲೇ ಗುಳ್ಳೆ ಎದ್ದಿತ್ತು.

ಮಂಗಳವಾರದ ಪೂಜೆಗೆ ಬಾವಿಯ ಸುತ್ತ ಹಟ್ಟಿಯೇ ನೆರೆದಿತ್ತು. ಡಾಕ್ಟರೂ ಬಂದು ಗೌಡರ ಪಕ್ಕದಲ್ಲಿ ನಿಂತಿದ್ದರು. ಬೆಳಗಿನಿಂದ ಕೊಡಗಳು ತುಳುಕಿ ದಂಡೆಯೆಲ್ಲ ಕೆಸರು. ಅಮ್ಮನ ಕಳಸದ ನೀರನ್ನು ಹಗ್ಗ ಬಿಟ್ಟು ಸೇದುವಂತಿಲ್ಲ. ಪೂಜಾರಿಯೇ ಮೊಣಕಾಲುದ್ದ ನೀರಲ್ಲಿ ನಿಂತು ಮೊಗೆಯಬೇಕು.

ಮೇಲಿನ ಮೆಟ್ಟಿಲಲ್ಲಿ ಖಾಲಿ ಕೊಡ ಹಿಡಿದು ಯಾರಾದರೂ ತುಂಬಿಕೊಟ್ಟಾರೆಂದು ಕಾಯುತ್ತಿದ್ದ ದುರುಗಕ್ಕ ಸುಮ್ಮನಿರಲಿಲ್ಲ. "ಪೂಜಾರಪ್ಪಾ, ಅಮ್ಮನ ಮುಂದೆ ಎಲ್ಲಾರ ಕಾಲೂ ಒಂದೇ ಅಲ್ಲವಾ? ಒಂಚೂರು ತೋರ್ಸಿ ಇಳೀರಿ!"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಲೇ ದುರುಗಿ, ನಿನ್ನ ಕೊಡಕ್ಕೆ ನೀರು ಹಾಕೋರು ಇರ್ಬೇಕು ಅಂದ್ರೆ ಬಾಯಿ ಮುಚ್ಚು" ಎಂದು ಗೌಡರು ಗದರಿದರು.

ದೊಡ್ಡಪಾಲಯ್ಯ ಯಾರತ್ತಲೂ ನೋಡದೆ ಇಳಿಯತೊಡಗಿದ. ಉರುಮೆ ಬಡಿಯುತ್ತಿತ್ತು. ಬೊಮ್ಮಕ್ಕ ದೀಪ ಹಿಡಿದು ದಂಡೆಯ ಮೇಲೆ ನಿಂತು ಮೆಟ್ಟಿಲು ಎಣಿಸಿದಳು. ಒಂದು. ಎರಡು. ನೀರಿರುವುದು ಏಳನೆಯದಕ್ಕೆ. ಬಾಯಿ ತೆರೆದರೆ ಅಪ್ಪನ ಕಳಸ ಹೋಗುತ್ತದೆ. ತೆರೆಯದಿದ್ದರೆ? ಹೊಸ ಕುಲಾವಿ ತೊಟ್ಟ ಕೂಸುಗಳು ಅವ್ವಂದಿರ ಕಂಕುಳಲ್ಲಿ ಕೂತು ಉರುಮೆಯ ಏಟಿಗೆ ತಲೆ ಆಡಿಸುತ್ತಿದ್ದವು. ನಾಲ್ಕು. ಐದು.

"ಅಪ್ಪಾ! ಬ್ಯಾಡಪ್ಪಾ!"

ಗಂಡಸರ ಎದುರು ಅವಳ ದನಿ ಯಾರೂ ಕೇಳಿರಲಿಲ್ಲ. ಉರುಮೆ ನಿಂತಿತು.

"ಯಾಕಮ್ಮ?" ಎಂದರು ಡಾಕ್ಟರು.

ದೊಡ್ಡಪಾಲಯ್ಯ ಆರನೆಯ ಮೆಟ್ಟಿಲಲ್ಲಿ ನಿಂತು ನೀರನ್ನು ನೋಡಿದ. ಆಮೇಲೆ ನಿಧಾನವಾಗಿ ಮೇಲೆ ಹತ್ತಿ ಬಂದು, ಕಳಸವನ್ನು ದಂಡೆಯ ಕಲ್ಲಿನ ಮೇಲಿಟ್ಟ. "ನಂಗೂ ಐತೆ ಸ್ವಾಮಿ. ಹನ್ನೊಂದು ದಿನ ಆತು."

ಗೌಡರ ಮುಖ ಸಣ್ಣದಾಯಿತು. "ಬರೀ ಕಳಸ ಗುಡಿಗೆ ಹೋಗಂಗಿಲ್ಲ. ಪೂಜಾರಿ ಅಣ್ಣತಮ್ಮಂದಿರಲ್ಲಿ ಯಾರಾನ ಬರ್ರಿ."

ಅವರು ಹೇಳಿ ಮುಗಿಸುವ ಮೊದಲೇ ಸಣ್ಣತಿಮ್ಮಪ್ಪ ಬಂದು ಕಳಸಕ್ಕೆ ಎರಡೂ ಕೈ ಹಾಕಿದ್ದ.

"ತಡಿಯಪ್ಪ, ಮೊದಲು ಕಾಲು ತೋರಿಸು" ಎಂದರು ಡಾಕ್ಟರು.

ಸಣ್ಣತಿಮ್ಮಪ್ಪನ ಕೈ ಕಳಸದ ಮೇಲೇ ನಿಂತಿತು. "ನಂದಾ? ನಂಗೇನೂ ಇಲ್ಲ ಸ್ವಾಮಿ... ಎರಡು ದಿನದಿಂದ ನೆಗಡಿ ಐತೆ. ತಣ್ಣೀರಿಗೆ ಇಳೀಬಾರ್ದು" ಎನ್ನುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿದ.

"ಅವನಲ್ಲದಿದ್ರೆ ಇನ್ನೊಬ್ಬ! ಬರ್ರಿ!" ಗೌಡರು ಕೂಗಿದರು.

ಯಾರೂ ಬರಲಿಲ್ಲ. ಜನರ ಮುಖ ನೋಡಲಾರದೆ ಬೊಮ್ಮಕ್ಕ ನೆಲ ನೋಡುತ್ತಿದ್ದಳು. ಎದುರಿಗೆ ಗಂಡಸರ ಸಾಲು. ಕೆಸರು ಕಂಡ ಕೂಡಲೇ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟುವವರು. ಇವತ್ತು ಒಬ್ಬರೂ ಎತ್ತಿರಲಿಲ್ಲ. ಸಾಲಿಗೆ ಸಾಲೇ, ಗೌಡರದೂ ಸೇರಿ, ಬಿಳಿ ಪಂಚೆಗಳ ಅಂಚು ಕೆಸರು ಹೀರುತ್ತಿತ್ತು.