ತಮ್ಮನ ಪೇಟ

"ಮದುಮಗನೇ ಬರಿತಲೇಲಿದಾನೆ, ನಿಂಗ್ಯಾಕೋ ಈ ಪೇಟ? ದರ್ಬಾರಿಗೆ ಬಂದಿದೀಯಾ? ತೆಗಿ, ಬೀಗರು ನಗ್ತಿದಾರೆ." ಮಗನ ಮದುವೆಯ ಓಡಾಟದಲ್ಲಿದ್ದ ಅಣ್ಣ ಛತ್ರದ ಬಾಗಿಲಲ್ಲೇ ಗದರಿದ. ತಮ್ಮನ ಎರಡೂ ಕೈ ತಾವಾಗಿಯೇ ಪೇಟದ ಮೇಲೆ ಹೋದವು.

"ಅಮ್ಮನ್ನ ಯಾಕೋ ಕರ್ಕೊಂಡು ಬರಲಿಲ್ಲ?"

"ಮೊನ್ನೆಯಿಂದ ಫೋನ್ ಮಾಡ್ತಾನೇ ಇದೀನಣ್ಣ. ನೀನು ಎತ್ತಲಿಲ್ಲ."

"ಮದುವೆ ಮನೇಲಿ ಫೋನ್ ಎತ್ತೋಕೆ ಪುರುಸೊತ್ತೆಲ್ಲಿ? ಮೊದಲು ಅದನ್ನ ತೆಗಿ."

ತಮ್ಮ ಅವನನ್ನು ಉಗ್ರಾಣದೊಳಗೆ ಕರೆದೊಯ್ದು ಪೇಟ ತೆಗೆದ. ಕಿರಿಮಗನಾಗಿ ತಾಯಿಗೆ ಕೊಳ್ಳಿ ಇಡಲು ನಿನ್ನೆ ಬೋಳಿಸಿಕೊಂಡ ತಲೆ.

ಅಣ್ಣ ಕದ ಮುಚ್ಚಿ, ಪೇಟವನ್ನು ತಾನೇ ಎತ್ತಿ ತಮ್ಮನ ತಲೆಗೆ ಕಿವಿ ಮುಚ್ಚುವಂತೆ ಒತ್ತಿ ಕೂರಿಸಿದ.

"ಬೀಗರ ಊಟ ಮುಗಿಯೋವರೆಗೂ ಇದನ್ನ ತೆಗೀಬೇಡ."