ಫೋಟೋ ತೆಗೆಯುವವರು

ಪ್ರತಿ ಭಾನುವಾರ ಬೆಳಗ್ಗೆ ಪ್ರಹ್ಲಾದನ ಹೆಂಡತಿ ಮಡಚುವ ಸೈಕಲ್ ಹತ್ತಿ ಊರು ಸುತ್ತಲು ಹೊರಡುತ್ತಿದ್ದಳು. ಒಂದು ವಾರ ಕೋಟೆ ಬಾಗಿಲ ಬಳಿ ತಟ್ಟೆ ಇಡ್ಲಿ, ಇನ್ನೊಂದು ವಾರ ಕೆರೆ ಏರಿಯ ಮೇಲೆ ಬೆಣ್ಣೆ ದೋಸೆ. ಫೋಟೋಗಳಲ್ಲೆಲ್ಲ ಅವಳು ಕಣ್ಣು ಮುಚ್ಚಿಹೋಗುವಂತೆ ನಗುತ್ತಿದ್ದಳು. ಆ ನಗುವನ್ನು ಅವನು ಮನೆಯಲ್ಲಿ ಕಂಡು ವರ್ಷಗಳಾಗಿದ್ದವು.

ತಾಯಿ ಭಜನೆಯಿಂದ ತಂದ ಕೇಸರಿಬಾತಿನ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಾ ಅವನು ಹೆಂಡತಿಯನ್ನು ಕೇಳಿದ:

"ಈ ಫೋಟೋ ತೆಗೆಯೋರು ಯಾರು?"

"ಜೊತೆಗೆ ಬರೋರು."

"ಹೆಸರಿಲ್ವಾ ಅವರಿಗೆ?"

"ಹೇಳಿದ್ರೆ ನಾಳೆಯಿಂದ ಸೈಕಲ್ ಅಟ್ಟ ಸೇರುತ್ತೆ."

ವಾರವಿಡೀ ಅವನು ಆ ಫೋಟೋಗಳನ್ನೇ ಮತ್ತೆ ಮತ್ತೆ ನೋಡಿದ. ಮುಂದಿನ ಭಾನುವಾರ ತಾಯಿ ಭಜನೆಗೆ ಹೋದ ಮೇಲೆ, ಹೆಂಡತಿ ಗೇಟು ದಾಟಿದ್ದೇ ತಡ, ಆಟೋ ಹತ್ತಿ ಹಿಂಬಾಲಿಸಿದ.

ಹೋಟೆಲಿನ ಮುಂದೆ ಮಡಚಿದ ಎರಡು ಸೈಕಲ್‌ಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅವನು ಒಳಗೆ ನುಸುಳಿ ಕಂಬದ ಮರೆಯಲ್ಲಿ ನಿಂತ. ಆಚೆಯಿಂದ ಹೆಂಡತಿಯ ನಗು ಕೇಳಿಸಿತು. ಫೋಟೋ ತೆಗೆದ ಸದ್ದಾಯಿತು. ಆಮೇಲೆ ತೆಗೆದವರ ದನಿ:

"ಏಳೇ, ಹೊತ್ತಾಯ್ತು. ಒಂದು ಕೇಸರಿಬಾತ್ ಕಟ್ಟಿಸ್ಕೋ. ಭಜನೆ ಪ್ರಸಾದ ಅಂದ್ರೆ ನನ್ನ ಮಗ ಕಣ್ಣಿಗೊತ್ತಿಕೊಂಡು ತಿಂತಾನೆ."